ಮಾರುವ ಸಾಮಾನಲ್ಲ

ಲಂಡನ್ನಿನಿಂದ ಮರಳಿ ಏಳು ತಿಂಗಳಾಯಿತು. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯ ಪಕ್ಕ ನಿಂತು ತೆಗೆಸಿಕೊಂಡ ಫೋಟೊವನ್ನು ನೆಂಟರಿಷ್ಟರೆಲ್ಲ ನೋಡಿ ಮುಗಿಸಿದ್ದಾರೆ. ಅರಮನೆ, ಸೇತುವೆ, ಮ್ಯೂಸಿಯಂಗಳ ಸುದ್ದಿ ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಹೇಳದೆ ಉಳಿಸಿಕೊಂಡದ್ದು ಒಂದು ಊಟದ ವಿಷಯ. ಬಾಯಿ ಚಪ್ಪರಿಸಿ ಹೇಳುವಂಥ ಊಟವೇನಲ್ಲ, ಕೆಟ್ಟ ಊಟ. ಕೆಟ್ಟ ಊಟ ಎರಡು ದಿನಕ್ಕೆ ಮರೆತುಹೋಗಬೇಕಿತ್ತು. ಇದು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಕೂತಿದೆ. ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ.

ಮಗಳು ಇರುವುದು ಈಸ್ಟ್ ಹ್ಯಾಮಿನಲ್ಲಿ. ಅಲ್ಲಿ ದೋಸೆಗೆ ಬರವಿಲ್ಲ. ತಮಿಳರ, ಮಲಯಾಳಿಗಳ ಹೋಟೆಲು ಸಾಲಾಗಿವೆ. ಅಂಗಡಿಯೆದುರು ಬಾಳೆಗೊನೆ ನೇತುಹಾಕಿರುತ್ತಾರೆ, ನುಗ್ಗೆಕಾಯಿ ಕಟ್ಟು ಕಟ್ಟಾಗಿ ಸಿಗುತ್ತದೆ. ಮೊದಲ ವಾರ ಸುಖವಾಗಿ ತಿಂದೆ. ಆಮೇಲೆ ತಲೆಗೊಂದು ಹುಳ ಹೊಕ್ಕಿತು. ಇಷ್ಟು ದೂರ ಬಂದು ನಾನು ತಿನ್ನುತ್ತಿರುವುದು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲೂ ಸಿಗುವ ದೋಸೆ. ಇಂಗ್ಲಿಷರು ತಮ್ಮದೆಂದು ಹೇಳಿಕೊಳ್ಳುವ 'ಕರಿ' ಎಂಬುದನ್ನು ನೋಡದೆ ಹೋಗುವುದೇ? 2001ರಲ್ಲಿ ಅಲ್ಲಿನ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಒಂದು ಭಾಷಣದಲ್ಲಿ ಚಿಕನ್ ಟಿಕ್ಕಾ ಮಸಾಲಾವನ್ನು ಬ್ರಿಟನ್ನಿನ ರಾಷ್ಟ್ರೀಯ ಖಾದ್ಯವೆಂದು ಕರೆದಿದ್ದರು. ಆಗ ನಾನು ಬ್ಯಾಂಕಿನಲ್ಲಿದ್ದೆ. ಪೇಪರಿನಲ್ಲಿ ಆ ಸುದ್ದಿ ಓದಿ ಕೌಂಟರಿನ ಈಚೆ ಆಚೆ ಇದ್ದವರೆಲ್ಲ ನಕ್ಕಿದ್ದೆವು. ನಕ್ಕರೂ ಒಳಗೊಳಗೇ ಹೆಮ್ಮೆ. ನಮ್ಮ ಅಡುಗೆ ಅವರ ಹೊಟ್ಟೆಯನ್ನು ಗೆದ್ದಿತಲ್ಲ ಎಂದು.

"ಅಪ್ಪಯ್ಯ, ಅಲ್ಲಿಗ್ ಹೋಯ್ಬೇಡಿ. ಅದ್ ನಮ್ ಊಟ ಅಲ್ಲ" ಎಂದಳು ಮಗಳು. ಅವಳು ಆಫೀಸಿಗೆ ಹೋದ ಮೇಲೆ ಹೊರಟೆ.

ಆಲ್ಡ್‌ಗೇಟ್ ಈಸ್ಟ್ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ಹತ್ತಿರದಲ್ಲೇ ಒಂದು ಸಣ್ಣ ಪಾರ್ಕು. ಅದರ ಮೂಲೆಯಲ್ಲಿ ಬಿಳಿ ಕಂಬಗಳ ಒಂದು ಸ್ಮಾರಕ, ಹಿಂದೆ ಕೆಂಪು ವೃತ್ತ. ಢಾಕಾದಲ್ಲಿ ಭಾಷೆಗಾಗಿ ಸತ್ತವರ ನೆನಪಿಗೆ ಕಟ್ಟಿದ ಶಹೀದ್ ಮಿನಾರಿನ ಚಿಕ್ಕ ರೂಪ. ಪಾರ್ಕಿನ ಹೆಸರು ಆಲ್ತಾಬ್ ಅಲಿ ಪಾರ್ಕ್. ಆ ಹೊತ್ತಿಗೆ ಆಲ್ತಾಬ್ ಅಲಿ ಯಾರೆಂದು ನನಗೆ ಗೊತ್ತಿರಲಿಲ್ಲ. ಹಸಿದಿದ್ದೆ. ನಿಲ್ಲದೆ ನಡೆದೆ.

ಬ್ರಿಕ್ ಲೇನ್ ಅಂದರೆ ಇಟ್ಟಿಗೆ ಓಣಿ. ಹಿಂದೆ ಇಲ್ಲಿ ಇಟ್ಟಿಗೆ ಸುಡುತ್ತಿದ್ದರಂತೆ. ರಸ್ತೆ ಹೆಸರಿನ ಫಲಕದಲ್ಲಿ ಇಂಗ್ಲಿಷಿನ ಕೆಳಗೆ ಬಂಗಾಳಿ. ದೀಪದ ಕಂಬಗಳಿಗೆ ಹಸಿರು, ಕೆಂಪು ಬಣ್ಣ. ಒಂದು ಮೂಲೆಯಲ್ಲಿ ಮಸೀದಿ. ಅದರ ಗೋಡೆಯ ಮೇಲೆ 1743 ಎಂದು ಬರೆದ ಬಿಸಿಲು ಗಡಿಯಾರ. ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟಂಟರು ಚರ್ಚೆಂದು ಕಟ್ಟಿದ ಕಟ್ಟಡ ಅದು. 1898ರಲ್ಲಿ ಯಹೂದಿಗಳ ಸಿನಗಾಗ್ ಆಯಿತು, 1976ರಲ್ಲಿ ಮಸೀದಿಯಾಯಿತು. ದೇವರು ಅದೇ ಮನೆಯಲ್ಲಿದ್ದಾನೆ, ಒಕ್ಕಲು ಬದಲಾಗಿದ್ದಾರೆ. ಬಂದವರೆಲ್ಲ ಈ ಓಣಿಯಲ್ಲಿ ಮೊದಲು ಬಟ್ಟೆಯ ಕೆಲಸ ಮಾಡಿದವರೇ, ಮೊದಲು ಬೈಸಿಕೊಂಡವರೇ.

ಹೋಟೆಲುಗಳ ಬಾಗಿಲಲ್ಲಿ ಕರೆಯುವವರು ನಿಂತಿದ್ದರು. ಧರ್ಮಸ್ಥಳದ ಬಸ್ಸಿಗೆ ಜನ ತುಂಬಿಸುವವರ ಹಾಗೆ. ಒಬ್ಬ ಹಪ್ಪಳ ಫ್ರೀ ಅಂದ, ಇನ್ನೊಬ್ಬ ಹಪ್ಪಳದ ಜೊತೆ ಬಿಯರೂ ಫ್ರೀ ಅಂದ. ನಾನು ಯಾರೂ ಕರೆಯದ ಒಂದು ಹೋಟೆಲಿಗೆ ಹೊಕ್ಕೆ. ಕರೆಯದಿದ್ದರೆ ಒಳ್ಳೆಯದಿರಬೇಕು ಎಂಬುದು ನನ್ನ ಲೆಕ್ಕಾಚಾರ. ಮಧ್ಯಾಹ್ನ ಮೂರರ ಸಮಯ, ಒಳಗೆ ನಾನೊಬ್ಬನೇ. ಬೋರ್ಡಿನ ಮೇಲೆ ಇಂಡಿಯನ್ ರೆಸ್ಟೋರೆಂಟ್ ಎಂದಿತ್ತು.

ಬಡಿಸಲು ಬಂದವರಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಕರಿ ಪ್ಯಾಂಟು, ಕರಿ ವೇಸ್ಟ್‌ಕೋಟು, ಕೆನ್ನೆಯಲ್ಲಿ ಎರಡು ದಿನದ ಬಿಳಿಗಡ್ಡ. ಮೊದಲು ಇಂಗ್ಲಿಷಿನಲ್ಲಿ ಮಾತಾಡಿದರು, ನನ್ನ ಮುಖ ಸರಿಯಾಗಿ ನೋಡಿ ಹಿಂದಿಗೆ ಹೊರಳಿದರು. ಸಿನಿಮಾದಲ್ಲಿ ಕಲಿತ ಹಿಂದಿ. ನನ್ನದು ಬ್ಯಾಂಕಿನ ಹಿಂದಿ ಸಪ್ತಾಹದಲ್ಲಿ ಕಲಿತದ್ದು. ಇಬ್ಬರದೂ ಸೇರಿ ಹೇಗೋ ಒಂದು ಭಾಷೆ ಆಯಿತು.

"ಇಂಡಿಯಾದಲ್ಲಿ ಎಲ್ಲಿ, ಭಾಯ್?"

ಕುಂದಾಪುರ ಅಂದರೆ ಏನು ತಿಳಿದೀತು? ಬೆಂಗಳೂರು ಅಂದೆ.

ಅವರ ಮುಖ ಅರಳಿತು. "ಬ್ಯಾಂಗಲೋರ್! ದೇಬಿ ಶೆಟ್ಟಿ!"

ಅವರ ಅಕ್ಕನ ಗಂಡನನ್ನು ಸಿಲ್ಹೆಟ್ಟಿನಿಂದ ಬೆಂಗಳೂರಿಗೆ ಕರೆತಂದು ಹೃದಯದ ಆಪರೇಷನ್ ಮಾಡಿಸಿದ್ದರಂತೆ. ಬಾಂಗ್ಲಾದೇಶದಲ್ಲಿ ಡಾಕ್ಟರ್ ದೇವಿ ಶೆಟ್ಟಿಯವರ ಹೆಸರು ಕೇಳದವರಿಲ್ಲ ಎಂದರು. ಅವರು ಹುಟ್ಟಿದ್ದು ನಮ್ಮ ಕರಾವಳಿಯ ಕಿನ್ನಿಗೋಳಿಯಲ್ಲಿ ಎಂದು ನಾನು ಹೇಳಿದ್ದೇ, ನನ್ನನ್ನೇ ಡಾಕ್ಟರರ ಸೋದರಮಾವನಂತೆ ನೋಡತೊಡಗಿದರು. ಈ ಮರ್ಯಾದೆಯೇ ಮುಂದೆ ತೊಂದರೆಗೆ ಕಾರಣವಾಯಿತು.

ಮೊದಲು ಹಪ್ಪಳ ಬಂತು. ಜೊತೆಗೆ ಸ್ಟೀಲಿನ ಸ್ಟ್ಯಾಂಡಿನಲ್ಲಿ ನಾಲ್ಕು ಬಟ್ಟಲು: ಜಾಮಿನಷ್ಟು ಸಿಹಿಯಾದ ಮಾವಿನಹಣ್ಣಿನ ಚಟ್ನಿ, ಹೆಚ್ಚಿದ ಈರುಳ್ಳಿ, ನಿಂಬೆ ಉಪ್ಪಿನಕಾಯಿ, ಪುದೀನ ಬೆರೆಸಿದ ಮೊಸರು. ನಮ್ಮಲ್ಲಿ ಹಪ್ಪಳಕ್ಕೆ ಅನ್ನದ ಪಕ್ಕ ಕೂರುವ ಜಾಗವಿದೆ, ಸಾರಿಗೆ ಸದ್ದು ಕೊಡುವ ಕೆಲಸವಿದೆ. ಇಲ್ಲಿ ಅದನ್ನು ಒಂಟಿಯಾಗಿ ಮುಂದೆ ಕಳಿಸಿದ್ದರು, ದಿಬ್ಬಣಕ್ಕಿಂತ ಒಂದು ಗಂಟೆ ಮೊದಲು ಬಂದು ಚಪ್ಪರದಲ್ಲಿ ಕೂತ ನೆಂಟನ ಹಾಗೆ.

ಮೆನು ಒಂದು ಏಣಿಯಾಗಿತ್ತು. ಕೆಳಗಿನ ಮೆಟ್ಟಿಲಲ್ಲಿ ಕುರ್ಮಾ, ಖಾರವೇ ಇಲ್ಲ. ಮೇಲೆ ಮದ್ರಾಸ್. ಅದರ ಮೇಲೆ ವಿಂದಾಲೂ. ಎಲ್ಲಕ್ಕಿಂತ ಮೇಲೆ ಫಾಲ್, ಪಂತ ಕಟ್ಟಿದವರು ತಿನ್ನುವುದು. ವಿಂದಾಲೂ ನನಗೆ ಮಂಗಳೂರಿನ ಗೆಳೆಯರ ಮನೆಯಿಂದ ಗೊತ್ತು. ಪೋರ್ಚುಗೀಸರು ವೈನು ಬೆಳ್ಳುಳ್ಳಿಯಲ್ಲಿ ನೆನೆಹಾಕುತ್ತಿದ್ದ ಮಾಂಸ ಗೋವೆಗೆ ಬಂದು ವಿನಿಗರು, ಮೆಣಸು ಸೇರಿಸಿಕೊಂಡು ಆದ ಪದಾರ್ಥ ಅದು. ಇಲ್ಲಿನ ವಿಂದಾಲೂವಿನಲ್ಲಿ ಆಲೂಗಡ್ಡೆ ಇರುತ್ತದೆ ಎಂದು ಬರೆದಿತ್ತು. 'ಆಲೂ' ಎಂದು ಕೇಳಿದ ಯಾರೋ ಪುಣ್ಯಾತ್ಮ ಬಟಾಟೆ ಹಾಕಿರಬೇಕು. ಇದ್ದುದರಲ್ಲಿ ನಮ್ಮ ಕಡೆಯ ಹೆಸರೆಂದು ಚಿಕನ್ ಮದ್ರಾಸ್ ಹೇಳಿದೆ.

ಅವರು ನನ್ನತ್ತ ಬಗ್ಗಿ, ಗುಟ್ಟು ಹೇಳುವವರಂತೆ, "ನಿಮಗೆ ಇಂಡಿಯನ್ ಸ್ಟೈಲ್‌ನಲ್ಲಿ ಮಾಡಿಸುತ್ತೇನೆ" ಎಂದರು. ಇಂಡಿಯನ್ ರೆಸ್ಟೋರೆಂಟಿನಲ್ಲಿ ಇಂಡಿಯನ್ ಸ್ಟೈಲ್ ಬೇಕಾದರೆ ಬೇರೆಯಾಗಿ ಹೇಳಬೇಕೆಂದು ಗೊತ್ತಾಗಿದ್ದು ಆಗಲೇ.

ಐದೇ ನಿಮಿಷಕ್ಕೆ ಬಂತು. ಇಟ್ಟಿಗೆ ಬಣ್ಣದ ದಪ್ಪ ಗೊಜ್ಜು, ಅಂಚಿನಲ್ಲಿ ಎಣ್ಣೆ. ಅದರಲ್ಲಿ ಕೋಳಿಯ ತುಂಡುಗಳು, ಎಲ್ಲವೂ ಒಂದೇ ಅಳತೆಯವು, ಎಲುಬಿಲ್ಲದವು, ಒಳಗೆ ಬೆಳ್ಳಗೆ. ಗೊಜ್ಜು ಬೇರೆ, ಕೋಳಿ ಬೇರೆ. ಈಗಷ್ಟೇ ಪರಿಚಯವಾಗಿ ಒಂದೇ ಬೆಂಚಿನಲ್ಲಿ ಕೂತವರ ಹಾಗಿದ್ದವು. ಬಾಯಿಗಿಟ್ಟೆ. ಮೊದಲು ಈರುಳ್ಳಿಯ ಸಿಹಿ, ಆಮೇಲೆ ಟೊಮೆಟೊ ಹುಳಿ, ಆಮೇಲೆ ಹಸಿ ಮೆಣಸಿನ ಪುಡಿ ಗಂಟಲಿಗೆ ಹೊಡೆಯಿತು. ಇಂಡಿಯನ್ ಸ್ಟೈಲ್ ಅಂದರೆ ಆ ಕೊನೆಯ ಎರಡು ಚಮಚ ಮೆಣಸಿನ ಪುಡಿ. ತೆಂಗಿನಕಾಯಿ ಇಲ್ಲ, ಕರಿಬೇವಿಲ್ಲ, ಹುಣಸೆಯಿಲ್ಲ. ಮದ್ರಾಸಿನವರಿಗೆ ಈ ಮದ್ರಾಸನ್ನು ತೋರಿಸಿದರೆ ಯಾವ ಊರಿನದೆಂದು ಕೇಳಿಯಾರು. ಅನ್ನದಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು, ಹಳದಿ ಅಗುಳು. ನಾನ್ ಮಾತ್ರ ಚೆನ್ನಾಗಿತ್ತು, ಬಿಸಿಯಿದ್ದುದರಿಂದ.

ನನಗೆ ಬಂದದ್ದು ಬರೀ ಬೇಸರವಲ್ಲ, ಸಿಟ್ಟು. ನಮ್ಮ ಮನೆಯಲ್ಲಿ ಕೋಳಿಸಾರಿಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತೆ ಒಂದೊಂದನ್ನೂ ಬೇರೆ ಬೇರೆ ಹುರಿಯುತ್ತಾರೆ. ಒಂದು ಸ್ವಲ್ಪ ಹೊತ್ತಿದರೆ ಅಮ್ಮ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಅಷ್ಟೆಲ್ಲ ಮಾಡಿದವರ ಹೆಸರು ಕೆಡಿಸಿ ಇವರು ಐದು ನಿಮಿಷದ ಗೊಜ್ಜು ಮಾರುತ್ತಾರಲ್ಲ! ಅರ್ಧ ಬಿಟ್ಟೆ. ಅವರು ಬಂದು ತಟ್ಟೆ ನೋಡಿದರು.

"ಖಾರ ಜಾಸ್ತಿಯಾಯಿತಾ?"

"ಇಲ್ಲ. ಇಷ್ಟು ಬೇಗ ಹೇಗೆ ಮಾಡುತ್ತೀರಿ?"

ನನ್ನ ಮಾತಿನ ಕೊಂಕು ಅವರಿಗೆ ತಾಗಲಿಲ್ಲ, ಅಥವಾ ತಾಗದಂತೆ ನಟಿಸಿದರು. ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತು ವಿವರಿಸಿದರು. ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಮೂಟೆಗಟ್ಟಲೆ ಈರುಳ್ಳಿ ಬೇಯಿಸಿ, ಅರೆದು ಇಟ್ಟುಕೊಳ್ಳುತ್ತಾರೆ. ಎಲ್ಲ ಕರಿಗೂ ಅದೇ ತಾಯಿ. ಕೆನೆ, ಸಕ್ಕರೆ, ತೆಂಗಿನ ಪುಡಿ ಬಿದ್ದರೆ ಕುರ್ಮಾ. ಮೆಣಸು, ನಿಂಬೆಹುಳಿ ಬಿದ್ದರೆ ಮದ್ರಾಸ್. ರಾತ್ರಿ ಹನ್ನೊಂದಕ್ಕೆ ಪಬ್ಬು ಮುಚ್ಚಿ ಮೂವತ್ತು ಜನ ಒಟ್ಟಿಗೆ ನುಗ್ಗುವ ಕಾಲದಲ್ಲಿ ಹುರಿದು ಅರೆಯುತ್ತ ಕೂತರೆ ಆಗುತ್ತಿತ್ತೇ? ಹುಡುಗನಾಗಿದ್ದಾಗ ಚಿಕ್ಕಪ್ಪನ ಹೋಟೆಲಿನಲ್ಲಿ ಈರುಳ್ಳಿ ಸುಲಿಯುವುದರಿಂದ ಶುರು ಮಾಡಿದವರು ಅವರು. ಈ ಓಣಿಗೆ ಬಂದದ್ದು 1978ರಲ್ಲಿ.

"ಆ ವರ್ಷವೇ ಆಲ್ತಾಬ್ ಅಲಿಯನ್ನು ಕೊಂದದ್ದು" ಎಂದರು. ಬಟ್ಟೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತರುಣ. ಮೇ 4ರ ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟವನನ್ನು, ನಾನು ನಿಲ್ಲದೆ ದಾಟಿ ಬಂದ ಪಾರ್ಕಿನ ಪಕ್ಕದ ಬೀದಿಯಲ್ಲಿ, ಹುಡುಗರು ಚೂರಿ ಹಾಕಿ ಕೊಂದರು. ಸಿಕ್ಕಿದವನು ಏಷ್ಯಾದವನು ಎಂಬುದಷ್ಟೇ ಕಾರಣ. ಹತ್ತು ದಿನಗಳ ನಂತರ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆಬಾಗಿಲವರೆಗೆ ನಡೆದರು. "ಕತ್ತಲಾದ ಮೇಲೆ ನಾವು ಹುಡುಗರು ಒಬ್ಬೊಬ್ಬರೇ ಹೊರಗೆ ಹೋಗುತ್ತಿರಲಿಲ್ಲ, ಭಾಯ್. ಆದರೆ ಹೋಟೆಲು ಮಾತ್ರ ರಾತ್ರಿ ತೆರೆದೇ ಇರಬೇಕು. ಬೈಯುವವರೂ ಅವರೇ, ತಿನ್ನುವವರೂ ಅವರೇ." ಇಷ್ಟು ಹೇಳಿ ತಟ್ಟೆ ಎತ್ತಿಕೊಂಡು ಹೋದರು.

ಬೈಯುವವರೂ ಅವರೇ, ತಿನ್ನುವವರೂ ಅವರೇ. ಈ ಮಾತು ನನಗೆ ಹೊಸದಲ್ಲ. ನನ್ನ ಮಾವ, ಅಮ್ಮನ ಅಣ್ಣ, ಮುಂಬಯಿಯ ಘಾಟ್‌ಕೋಪರಿನಲ್ಲಿ ಹೋಟೆಲಿಟ್ಟಿದ್ದರು. ಹನ್ನೊಂದನೆಯ ವಯಸ್ಸಿಗೆ ಊರು ಬಿಟ್ಟು, ಲೋಟ ತೊಳೆದು, ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಕೊನೆಗೆ ಗಲ್ಲಾದ ಮೇಲೆ ಕೂತವರು. ಬೋರ್ಡಿನಲ್ಲಿ 'ಉಡುಪಿ' ಎಂದಿತ್ತು. ಮಾವ ಉಡುಪಿಯವರಲ್ಲ. ಆ ಹೆಸರು ಹಾಕದಿದ್ದರೆ ಯಾರು ಬರುತ್ತಾರೆ? 1971ರಲ್ಲಿ ಬಾಂಗ್ಲಾದೇಶ ಹುಟ್ಟಿದ ನಂತರವೂ ಸಿಲ್ಹೆಟ್ಟಿನವರು ತಮ್ಮ ಬೋರ್ಡಿನಲ್ಲಿ 'ಇಂಡಿಯನ್' ಎಂದೇ ಉಳಿಸಿಕೊಂಡ ಹಾಗೆ. 1960ರ ದಶಕದ ಕೊನೆಗೆ ಮುಂಬಯಿಯಿಂದ ಲುಂಗಿಯವರನ್ನು, ಅಂದರೆ ದಕ್ಷಿಣದವರನ್ನು, ಓಡಿಸಿ ಎಂಬ ಕೂಗೆದ್ದಾಗ ಮಾವನ ಹೋಟೆಲಿನ ಗಾಜೂ ಪುಡಿಯಾಯಿತಂತೆ. ಮೂರನೆಯ ದಿನ ಅದೇ ಜನ ಬಂದು ಇಡ್ಲಿ ಕೇಳಿದರು, ಇವರು ಕೊಟ್ಟರು.

ಗಿರಾಕಿಗಳಲ್ಲಿ ಬಹಳ ಮಂದಿ ಗುಜರಾತಿಗಳು. ಅವರಿಗಾಗಿ ಸಾಂಬಾರಿಗೆ ಬೆಲ್ಲ ಬೀಳುತ್ತಿತ್ತು, ಪಾಯಸವೋ ಸಾಂಬಾರೋ ಎಂದು ಸಂಶಯ ಬರುವಷ್ಟು. ಮೈಸೂರು ಮಸಾಲಾ ಎಂಬ ದೋಸೆಯನ್ನು ಅಲ್ಲಿ ಕೆಂಪಗೆ, ಬೀಟ್‌ರೂಟ್ ಹಾಕಿ ಮಾಡುತ್ತಿದ್ದರು. ಅದು ಮೈಸೂರು ಕಂಡಿದ್ದರೆ ಕೇಳಿ. ಬೇಸಿಗೆ ರಜೆಗೆ ಹೋದ ನಾನು ಆ ಸಾಂಬಾರು ಕುಡಿದು ಮುಖ ಕಿವಿಚಿದರೆ ಮಾವ ನಗುತ್ತಿದ್ದರು. "ಅದ್ ನಿಂಗಲ್ಲ ಮಾರಾಯ, ಗಿರಾಕಿಗೆ." ನಮಗೆ ಹಿಂದಿನ ಕೋಣೆಯಲ್ಲಿ ಬೇರೆ ಪಾತ್ರೆ. ಕುಚ್ಚಲಕ್ಕಿ ಗಂಜಿ. ಊರಿಂದ ಡಬ್ಬಿಯಲ್ಲಿ ಬರುವ ಒಣ ಸಿಗಡಿ ಚಟ್ನಿ. ಆ ಡಬ್ಬಿಯ ಮುಚ್ಚಳ ತೆರೆಯುವ ಮೊದಲು ಕೋಣೆಯ ಬಾಗಿಲು ಮುಚ್ಚಬೇಕು. ಹೊರಗೆ ಜೈನರು ಕೂತಿರುತ್ತಾರೆ.

ನಾಲ್ಕು ಗಂಟೆಯಾಗಿರಬೇಕು. ಬಿಲ್ಲಿಗೆ ಕಾಯುತ್ತಿದ್ದೆ. ಒಳಬಾಗಿಲು ತೆರೆದು ಅಡುಗೆಯವರು ಮೂವರು ಹಿಂದಿನ ಮೇಜಿಗೆ ಬಂದು ಕೂತರು. ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿದರು. ನಡುವೆ ಒಂದು ಪಾತ್ರೆ ಅನ್ನ, ಬಣ್ಣದ ಅಗುಳಿಲ್ಲದ್ದು. ಇನ್ನೊಂದು ಪಾತ್ರೆಯ ಮುಚ್ಚಳ ತೆಗೆದದ್ದೇ ತಡ, ನನ್ನ ಮೂಗು ನನಗಿಂತ ಮೊದಲು ಎದ್ದು ನಿಂತಿತು.

ಒಣಮೀನು. ತಪ್ಪಲು ಸಾಧ್ಯವೇ ಇಲ್ಲ. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದ ಆ ಎರಡು ತಿಂಗಳು ನಮ್ಮೂರಿನ ಪ್ರತಿ ಮನೆಯ ಹೆಂಚಿನ ಸಂದಿಯಿಂದ ಹೊರಡುವ ವಾಸನೆ. ಅದರೊಳಗೆ ಇನ್ನೇನೋ ಒಂದು ಹುಳಿಯ ಘಮ, ನಮ್ಮ ಕಂಚಿಕಾಯಿಯ ಸಿಪ್ಪೆಯಂಥದು. ಹಣ್ಣಲ್ಲ, ಸಿಪ್ಪೆ ಬೇಯುವ ಕಹಿ ಘಮ. ಮೂವರೂ ಕೈಯಲ್ಲಿ ಅನ್ನ ಕಲಸಿ, ಮಾತಿಲ್ಲದೆ, ತಲೆಬಗ್ಗಿಸಿ ಉಣ್ಣುತ್ತಿದ್ದರು.

ಬಿಲ್ಲು ತಂದವರನ್ನು ಕೇಳಿದೆ, ಅದೇನು?

"ಶುಟ್ಕಿ. ಒಣಮೀನು. ಶಾತ್ಕೊರಾ ಹಾಕಿದ್ದು." ಸಿಲ್ಹೆಟ್ಟಿನ ಹುಳಿಕಾಯಿ ಅದು, ದಪ್ಪ ಸಿಪ್ಪೆಯದು. ಅವರು ಸಂಕೋಚದಿಂದ ಕಿಟಕಿಯತ್ತ ನೋಡಿದರು. "ವಾಸನೆ ಬಂತಾ? ಬಾಗಿಲು ಹಾಕುತ್ತೇನೆ."

"ಬೇಡ ಬೇಡ. ನಮ್ಮಲ್ಲೂ ತಿನ್ನುತ್ತೇವೆ. ನನಗೊಂದು ಚಮಚ ಕೊಡಿ, ಸ್ವಲ್ಪ ಅನ್ನ. ದುಡ್ಡು ಎಷ್ಟಾದರೂ ಸರಿ."

ಮೊದಲ ವಾಕ್ಯಕ್ಕೆ ಅರಳಿದ ಮುಖ ಕೊನೆಯ ವಾಕ್ಯಕ್ಕೆ ಮುಚ್ಚಿತು. ನಾನು ಕಣ್ಣಾರೆ ನೋಡಿದೆ. ದೇಬಿ ಶೆಟ್ಟಿಯ ಊರಿನವನು ಹೋಗಿ ಮತ್ತೆ ಒಂಬತ್ತನೇ ನಂಬರಿನ ಮೇಜಿನ ಗಿರಾಕಿಯಾದೆ. "ಅದು ಮೆನುವಿನಲ್ಲಿ ಇಲ್ಲ, ಸರ್" ಎಂದರು. ಭಾಯ್ ಹೋಗಿ ಸರ್ ಬಂದಿತ್ತು. ಬಿಲ್ಲಿನ ತಟ್ಟೆಯಲ್ಲಿ ಪುದೀನ ಚಾಕಲೇಟು ಒಂದಿತ್ತು. ಬಾಗಿಲವರೆಗೆ ಬಂದು ಬೀಳ್ಕೊಟ್ಟರು, ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ.

ವಾಪಸು ಬರುವಾಗ ಪಾರ್ಕಿನಲ್ಲಿ ಕೂತೆ. ಗಂಟಲಲ್ಲಿ ಇನ್ನೂ ಮೆಣಸಿನ ಪುಡಿ, ಮೂಗಿನಲ್ಲಿ ಒಣಮೀನು.

ಮರುದಿನ ಮಗಳು ಮಾರ್ಬಲ್ ಆರ್ಚಿನ ಕಡೆ ಕರೆದುಕೊಂಡು ಹೋದಳು. ಅಲ್ಲಿಂದ ಸ್ವಲ್ಪ ದೂರ, ಜಾರ್ಜ್ ಸ್ಟ್ರೀಟಿನ ಒಂದು ಗೋಡೆಯ ಮೇಲೆ ಹಸಿರು ಫಲಕವಿದೆ. 1810ರಲ್ಲಿ ಪಾಟ್ನಾದ ದೀನ್ ಮಹಮ್ಮದ್ ಎಂಬವರು ಹಿಂದೂಸ್ತಾನಿ ಕಾಫಿ ಹೌಸ್ ತೆರೆದ ಜಾಗವದು, ಲಂಡನ್ನಿನ ಮೊದಲ ಇಂಡಿಯನ್ ಹೋಟೆಲು. ಕಂಪನಿ ಕೆಲಸದಲ್ಲಿ ಇಂಡಿಯಾ ಕಂಡು ಬಂದ ದೊರೆಗಳಿಗೆ ಹುಕ್ಕಾ, ಬಿದಿರಿನ ಕುರ್ಚಿ, ಅಲ್ಲಿನದೇ ರುಚಿ ಎಲ್ಲ ಕೊಟ್ಟರು. 1812ರಲ್ಲಿ ದಿವಾಳಿಯಾದರು. ಆಮೇಲೆ ಬ್ರೈಟನ್ನಿಗೆ ಹೋಗಿ ಸ್ನಾನಗೃಹವಿಟ್ಟು, ರಾಜರ ಮೈಗೆ ಚಂಪಿ ಮಾಡಿ ಹೆಸರಾದರು. ಸಿಲ್ಹೆಟ್ಟಿನ ಹಡಗಿನಾಳುಗಳು ಹಾಗೆ ಊರಿನದೇ ರುಚಿ ಕೊಡಲು ಹೋಗಲಿಲ್ಲ. ಬಾಯ್ಲರಿನ ಬೆಂಕಿಗೆ ಕಲ್ಲಿದ್ದಲು ತುಂಬಿ ಸಾಕಾಗಿ ಲಂಡನ್ನಿನ ಬಂದರಿನಲ್ಲಿ ಹಡಗು ಬಿಟ್ಟು ಓಡಿದವರು, ಪರರ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದವರು. ಎರಡನೆಯ ಮಹಾಯುದ್ಧದ ನಂತರ ಬಾಂಬು ಬಿದ್ದ ಬೀದಿಗಳ ಹಳೆ ಕೆಫೆ, ಮೀನು-ಚಿಪ್ಸ್ ಅಂಗಡಿಗಳನ್ನು ಅಗ್ಗಕ್ಕೆ ಕೊಂಡರು. ಮೀನು-ಚಿಪ್ಸ್ ನಿಲ್ಲಿಸದೆ ಪಕ್ಕದಲ್ಲಿ ಅನ್ನ, ಕರಿ ಇಟ್ಟರು. ಕುಡಿದು ಬಂದವರ ನಾಲಿಗೆ ಎಷ್ಟು ತಾಳುತ್ತದೋ ಅಷ್ಟೇ ಕೊಟ್ಟರು. ಹೀಗೆಂದು ಆ ಮದ್ರಾಸ್ ರುಚಿಯಾಗಿತ್ತು ಎಂದು ನಾನು ಹೇಳುವುದಿಲ್ಲ. ಮಾವನ ಸಾಂಬಾರೂ ರುಚಿಯಾಗಿರಲಿಲ್ಲ. ಆ ಸಾಂಬಾರಿನ ದುಡ್ಡು ನನ್ನ ಕಾಲೇಜು ಫೀಸು ಕಟ್ಟಿತು.

ಕಾಡುತ್ತಿರುವುದು ಗೊಜ್ಜಲ್ಲ. ಆ ಮುಖ ಮುಚ್ಚಿದ ಗಳಿಗೆ. ಅದನ್ನು ನಾನು ಮೊದಲೂ ಕಂಡಿದ್ದೆ ಎಂದು ಹೊಳೆದದ್ದು ವಿಮಾನದಲ್ಲಿ, ಅರಬ್ಬೀ ಸಮುದ್ರದ ಮೇಲೆಲ್ಲೋ ಎಲ್ಲರೂ ಮಲಗಿದ್ದಾಗ.

1974ರ ಬೇಸಿಗೆ ರಜೆ. ನನಗೆ ಹನ್ನೆರಡು. ಮಾವನ ಹೋಟೆಲಿಗೆ ಒಂದು ವಾರ ದಿನಾ ಬೆಳಿಗ್ಗೆ ಒಬ್ಬರು ಬರುತ್ತಿದ್ದರು. ಬಿಳಿ ಪಂಚೆ, ಕೊಡೆ. ನಮ್ಮ ಕಡೆಯವರು, ಮಾತಿನಲ್ಲೇ ತಿಳಿಯುತ್ತಿತ್ತು. ಯಾರನ್ನೋ ಆಸ್ಪತ್ರೆಗೆ ಸೇರಿಸಿದ್ದರು. ಎರಡನೆಯ ದಿನವೇ ಅವರ ಮೂಗಿಗೆ ಕುಚ್ಚಲಕ್ಕಿ ಬೇಯುವ ವಾಸನೆ ಸಿಕ್ಕಿರಬೇಕು. ಗಲ್ಲಾದ ಬಳಿ ಬಂದು ತಗ್ಗಿದ ದನಿಯಲ್ಲಿ, "ಹ್ವಾಯ್, ಒಂದ್ ಬಟ್ಲ್ ಗಂಜಿ ಸಿಕ್ಕುತ್ತಾ? ದುಡ್ಡ್ ಎಷ್ಟಾರೂ ಕೊಡ್ತೆ" ಎಂದರು. ಮಾವ ತಲೆಯೆತ್ತದೆ ಇಲ್ಲವೆಂದರು. ಮರುದಿನವೂ ಕೇಳಿದರು, ಮರುದಿನವೂ ಇಲ್ಲ. ಅವರು ಹೋದ ಮೇಲೆ ನಾನು ಮಾವನನ್ನು ಕೇಳಿದೆ, ಒಳಗೆ ಅಷ್ಟಿದೆಯಲ್ಲ, ಎಂತಕ್ಕೆ ಇಲ್ಲ ಅಂದಿರಿ? ಮಾವ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಲಿಲ್ಲ.

"ಅದ್ ಮಾರು ಸಾಮಾನ್ ಅಲ್ಲ."

ಸುಮ್ಮನೆ ಕೊಡಬಹುದಿತ್ತಲ್ಲ ಎಂದು ನಾನು ಕೇಳಲಿಲ್ಲ. ಕೊಟ್ಟರೆ ನಾಳೆ ನಾಲ್ಕು ಜನ ಬರುತ್ತಾರೆ ಎಂಬ ಹೆದರಿಕೆಯೋ, ಸಿಗಡಿ ಡಬ್ಬಿಯ ಗುಟ್ಟು ಹೊರಬಿದ್ದೀತೆಂದೋ, ಬೆಳಗಿನಿಂದ ರಾತ್ರಿಯವರೆಗೆ ಮಾರಿ ಮಾರಿ ಮಾರದ ಒಂದು ವಸ್ತುವಾದರೂ ಉಳಿದಿರಲಿ ಎಂದೋ. ಮಾವ ಈಗಿಲ್ಲ. ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ.

ವಾರದ ಕೊನೆಯ ದಿನ ಮಾವ ಮಾರ್ಕೆಟ್ಟಿಗೆ ಹೋಗಿದ್ದರು. ಆ ಮನುಷ್ಯ ಬಂದು ಅದೇ ಮೂಲೆಯ ಮೇಜಿನಲ್ಲಿ ಕೂತರು. ನೀರಿಡಲು ಹೋದ ನನ್ನ ಕೈ ಹಿಡಿದುಕೊಂಡರು.

"ಮಗಾ, ಒಳಗೆ ಗಂಜಿ ಇಲ್ಯಾ?"

ಅವರ ಕೈ ತಣ್ಣಗಿತ್ತು. ನಾನು ಆಗಷ್ಟೇ ಗಂಜಿಯ ಬಟ್ಟಲು ಅರ್ಧದಲ್ಲಿ ಬಿಟ್ಟು ಎದ್ದು ಬಂದಿದ್ದೆ. ಬೆರಳಲ್ಲಿ ಸಿಗಡಿಯ ವಾಸನೆ ಇದ್ದಿರಲೇಬೇಕು.

"ಇಲ್ಲ" ಎಂದೆ.

"ಆಯ್ತ್ ಮಗಾ" ಎಂದು ಕೈ ಬಿಟ್ಟರು. ಇಡ್ಲಿ ಬಂತು. ಅವರು ಅದನ್ನು ಸಣ್ಣಗೆ ಮುರಿದು ಬೆಲ್ಲದ ಸಾಂಬಾರಿಗೆ ಹಾಕುತ್ತ ಕೂತರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬಟ್ಟಲು ಇನ್ನೂ ಬೆಚ್ಚಗಿತ್ತು.